ಅಡಿಕೆ ಮಂಡಿಯ ಬಿಲ್ಲಿಗಾಗಿ ರಿಯಾಕ್ಟ್‌ಓಎಸ್ ಕಟ್ಟಿದ್ದು: ಮೂರು ವಾರದ ದಿನಚರಿ

ಸಾಗರದ ಒಂದು ಅಡಿಕೆ ಮಂಡಿಯಲ್ಲಿ 2004ರಿಂದ ಒಂದೇ ಪ್ರೋಗ್ರಾಮು ಓಡುತ್ತಿದೆ. ಯಾರೋ ಹುಡುಗ ವಿಷುವಲ್ ಬೇಸಿಕ್ 6ರಲ್ಲಿ ಬರೆದುಕೊಟ್ಟು ಬೆಂಗಳೂರಿಗೆ ಹೋದವನು ಮತ್ತೆ ಸಿಕ್ಕಿಲ್ಲ. ಸೋರ್ಸ್ ಕೋಡ್ (ಅವನು ಬರೆದ ಮೂಲ ಸಾಲುಗಳು) ಇಲ್ಲ, ಇರುವುದು ಇಎಕ್ಸ್‌ಇ (ಒತ್ತಿದರೆ ಓಡುವ ಸಿದ್ಧ ಫೈಲು) ಮಾತ್ರ. ಜಿಎಸ್‌ಟಿ ಬಿಲ್ಲಿಗೆಲ್ಲ ಬೇರೆ ಸಾಫ್ಟ್‌ವೇರ್ ಇದೆ. ಆದರೆ ಬೆಳೆಗಾರರ ಖಾತೆ, ಮುಂಗಡ, ಅದರ ಬಡ್ಡಿ, ರಾಶಿ ಎಷ್ಟು ಬೆಟ್ಟೆ ಎಷ್ಟು ಗೊರಬಲು ಎಷ್ಟು ಅಂತ ಅಡಿಕೆಯ ಬಗೆವಾರು ತೂಕದ ಚೀಟಿ ಎಲ್ಲ ಇದರಲ್ಲೇ. ಎರಡು ದಶಕದ ಲೆಕ್ಕ 61 ಎಂಬಿಯ ಒಂದು ಎಂಡಿಬಿ (ಮೈಕ್ರೋಸಾಫ್ಟ್ ಆಕ್ಸೆಸ್‌ನ ಡೇಟಾಬೇಸ್) ಫೈಲಿನಲ್ಲಿದೆ.

ಮೇ 24, ಶನಿವಾರ

ಮಂಡಿಯಿಂದ ಫೋನು: ಕಂಪ್ಯೂಟರ್ ಆನ್ ಆಗುತ್ತೆ, ಎರಡು ನಿಮಿಷಕ್ಕೆ ತಾನೇ ಆಫ್ ಆಗುತ್ತೆ. ಹೋಗಿ ಬಿಚ್ಚಿದೆ. ಒಳಗೆ ಅಡಿಕೆ ಧೂಳು ಬೆರಳು ದಪ್ಪ. ಪ್ರೊಸೆಸರ್ ಪಕ್ಕದ ಐದು ಕೆಪಾಸಿಟರ್‌ಗಳ ತಲೆ ಉಬ್ಬಿ, ಒಂದರಿಂದ ಕಂದು ರಸ ಇಳಿದು ಬೋರ್ಡಿನ ಮೇಲೆ ಒಣಗಿತ್ತು. 1000 ಮೈಕ್ರೊಫ್ಯಾರಡ್, 6.3 ವೋಲ್ಟಿನವು ಐದು ತಂದು ಹಾಕಿದೆ (₹60), ಕರೆಂಟು ಪೂರೈಸುವ ಎಸ್‌ಎಂಪಿಎಸ್ ಬದಲಿಸಿದೆ (ಸೆಕೆಂಡ್ ಹ್ಯಾಂಡ್, ₹650). ಎದ್ದಿತು. ಆದರೆ ಈ ಡಬ್ಬಿಗೆ ಇನ್ನೊಂದು ಮಳೆಗಾಲ ಕಳೆಯುವ ತಾಕತ್ತಿಲ್ಲ ಅಂತ ಯಜಮಾನರಿಗೆ ಹೇಳಿದೆ.

"ಹಂಗಾರೆ ಹೊಸಾದು ತಗೊಂಡು ಇದನ್ನೇ ಅದಕ್ಕೆ ಹಾಕು ತಮಾ," ಅಂದರು.

ಅದು ಅಷ್ಟು ಸುಲಭ ಇಲ್ಲ. ಇದರಲ್ಲಿರುವ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ, ಈ ಡಬ್ಬಿಯ ಜೊತೆ ಬಂದ ಲೈಸೆನ್ಸು ಈ ಡಬ್ಬಿಗೇ ಸೀಮಿತ. ಲಿನಕ್ಸ್ ಹಾಕಿ, ಅದರ ಮೇಲೆ ವಿಂಡೋಸ್ ಪ್ರೋಗ್ರಾಮು ಓಡಿಸುವ ವೈನ್‌ನಲ್ಲಿ ಓಡಿಸಬಹುದಿತ್ತು. ಬಹುಶಃ ಎರಡು ದಿನದಲ್ಲಿ ಮುಗಿಯುತ್ತಿತ್ತು ಕೂಡ. ನಿಜ ಹೇಳಬೇಕೆಂದರೆ ರಿಯಾಕ್ಟ್‌ಓಎಸ್ ಅನ್ನು ಸೋರ್ಸ್‌ನಿಂದ ಕಟ್ಟಿ ನೋಡಬೇಕು ಅನ್ನುವ ಚಪಲ ನನಗೆ ಹಳೆಯದು. ಮಳೆಗಾಲಕ್ಕೆ ಮಂಡಿ ಹೇಗೂ ತಣ್ಣಗಿರುತ್ತದೆ, ಹಳೆ ಡಬ್ಬಿಯೂ ಸದ್ಯಕ್ಕೆ ಓಡುತ್ತಿದೆ, ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಗೊತ್ತಿಲ್ಲದವರಿಗೆ ನಾಲ್ಕು ಸಾಲು: ರಿಯಾಕ್ಟ್‌ಓಎಸ್ ಲಿನಕ್ಸ್ ಅಲ್ಲ. ವಿಂಡೋಸ್‌ನ ಪ್ರೋಗ್ರಾಮು, ಡ್ರೈವರುಗಳು ನೇರವಾಗಿ ಓಡುವ ಹಾಗೆ ಮೊದಲಿಂದ ಬರೆಯುತ್ತಿರುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ. 1996ರಲ್ಲಿ ಫ್ರೀವಿನ್95 ಅಂತ ಶುರುವಾಗಿ, ಮಾತಲ್ಲೇ ಮುಗಿಯುವ ಹಂತಕ್ಕೆ ಬಂದು, 1998ರಲ್ಲಿ ವಿಂಡೋಸ್ ಎನ್‌ಟಿ ಕಡೆ ತಿರುಗಿ ಈ ಹೆಸರು ಪಡೆಯಿತು. ಈಗ ಅವರ ಗುರಿ ಎನ್‌ಟಿ 5.2, ಅಂದರೆ ಸರ್ವರ್ 2003ರ ಮಟ್ಟ. ಇಷ್ಟು ವರ್ಷದ ಮೇಲೂ ಅದು ಆಲ್ಫಾ ಅಂತ ಅವರೇ ಹೇಳಿಕೊಳ್ಳುತ್ತಾರೆ. ಮಂಡಿಯ ಪ್ರೋಗ್ರಾಮಿಗೆ ಬೇಕಾದದ್ದು ಸರಿಯಾಗಿ ಆ ಕಾಲದ್ದೇ.

ಹೊಸ ಡಬ್ಬಿಗೆ ಹಳೆಯ ಐ3ರ ಒಂದು ಮಿನಿ ಪಿಸಿ ತಂದೆ. 8 ಜಿಬಿ ರ‍್ಯಾಮ್, ₹7,500. ಅದರ ಮೇಲೆ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ), ಡೆಬಿಯನ್ ಒಳಗೆ ಕ್ಯೂಇಎಂಯು (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ನಟಿಸುವ ಪ್ರೋಗ್ರಾಮು), ಅದರೊಳಗೆ ರಿಯಾಕ್ಟ್‌ಓಎಸ್. ನೇರ ಹಾರ್ಡ್‌ವೇರ್ ಮೇಲೆ ಹಾಕುವ ಧೈರ್ಯ ಮಾಡಲಿಲ್ಲ. ಬೇರೆಯವರ ಬಾಕಿ ಲೆಕ್ಕ ಇದರಲ್ಲಿದೆ.

ಮೇ 25, ಭಾನುವಾರ

ಮೊದಲ ತಪ್ಪು ಮೊದಲ ಗಂಟೆಯಲ್ಲೇ. ಡೆಬಿಯನ್‌ನಲ್ಲಿ ಜಿಸಿಸಿ ಕಂಪೈಲರ್ (ಸೋರ್ಸನ್ನು ಓಡುವ ಪ್ರೋಗ್ರಾಮು ಮಾಡುವುದು) ಇದೆಯಲ್ಲ ಅಂತ ಸೋರ್ಸ್ ಇಳಿಸಿಕೊಂಡು ನೇರವಾಗಿ ಕಾನ್ಫಿಗರ್ ಮಾಡಲು ಹೋದೆ. ಎರಡನೇ ನಿಮಿಷಕ್ಕೆ ನಿಂತಿತು. ಈ ಕೆಲಸಕ್ಕೆ ಅವರದ್ದೇ ಆದ ರಾಸ್‌ಬಿಇ ಅನ್ನುವ ಬಿಲ್ಡ್ ಪರಿಸರ ಇದೆ. ಕಂಪೈಲರ್, ಬಿನ್‌ಯುಟಿಲ್ಸ್, ಸಿಮೇಕ್, ನಿಂಜಾ ಎಲ್ಲ ಸರಿಯಾದ ಆವೃತ್ತಿಯಲ್ಲಿ ಅದರೊಳಗೆ ಬರುತ್ತವೆ. ಲಿನಕ್ಸ್‌ನಲ್ಲಾದರೆ ಆ ರಾಸ್‌ಬಿಇಯನ್ನೇ ಮೊದಲು ಕಂಪೈಲ್ ಮಾಡಿಕೊಳ್ಳಬೇಕು. ಅಂದರೆ ಅಡುಗೆಗೆ ಮುಂಚೆ ಒಲೆ ಹಾಕುವ ಕೆಲಸ.

ಬೈಸನ್ ಇಲ್ಲ ಅಂತ ನಿಂತಿತು, ಹಾಕಿದೆ. ಫ್ಲೆಕ್ಸ್ ಇಲ್ಲ ಅಂದಿತು, ಹಾಕಿದೆ. ಮೇಕ್‌ಇನ್ಫೊ ಇಲ್ಲ ಅಂದಿತು. ಆ ಹೆಸರಿನ ಪ್ಯಾಕೇಜೇ ಇಲ್ಲ, ಟೆಕ್ಸ್‌ಇನ್ಫೊ ಹಾಕಿದರೆ ಅದರ ಜೊತೆ ಬರುತ್ತದೆ ಅಂತ ಗೊತ್ತಾಗಲು ಅರ್ಧ ಗಂಟೆ ಹೋಯಿತು. ಆಮೇಲೆ 50 ನಿಮಿಷ ಫ್ಯಾನ್ ಕಿರುಚಿಕೊಂಡು ರಾಸ್‌ಬಿಇ ತಯಾರಾಯಿತು.

ಮೇ 27, ಮಂಗಳವಾರ

ಸೋರ್ಸ್‌ನ ಇತ್ತೀಚಿನ ತುದಿ ಬಿಟ್ಟು 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ 0.4.15ರ ಟ್ಯಾಗ್ ಹಿಡಿದೆ. ರಾಸ್‌ಬಿಇ ಶೆಲ್ ತೆರೆದು ಕಾನ್ಫಿಗರ್ ಕೊಟ್ಟೆ. ಮತ್ತೆ ದೋಷ. ಈ ಸಲ ಕಾರಣ ನಾಚಿಕೆ ಪಡುವಂಥದ್ದು: ಸೋರ್ಸ್ ಇಟ್ಟ ಫೋಲ್ಡರಿಗೆ "ಮಂಡಿ ಕೆಲಸ" ಅಂತ ಇಂಗ್ಲಿಷಿನಲ್ಲಿ ಎರಡು ಪದದ ಹೆಸರು ಕೊಟ್ಟಿದ್ದೆ, ನಡುವೆ ಒಂದು ಸ್ಪೇಸು. ಹಾದಿಯಲ್ಲಿ ಸ್ಪೇಸ್ ಇರಬಾರದು ಅಂತ ಅವರ ಸೂಚನೆಯಲ್ಲೇ ಬರೆದಿದೆ. ಓದಿದ್ದೆ ಕೂಡ.

ಹೆಸರು ಬದಲಿಸಿ, ಔಟ್‌ಪುಟ್ ಫೋಲ್ಡರ್ ಪೂರ್ತಿ ಅಳಿಸಿ ಮತ್ತೆ ಕಾನ್ಫಿಗರ್. ಅಳಿಸದೇ ಮುಂದುವರಿಸಿದರೆ ಸಿಮೇಕ್ ಹಳೆಯ ಹಾದಿಯನ್ನೇ ನೆನಪಿಟ್ಟುಕೊಂಡು ಕಾಡುತ್ತದೆ. ಆಮೇಲೆ ನಿಂಜಾಕ್ಕೆ ಬೂಟ್‌ಸಿಡಿ ಅಂತ ಗುರಿ ಕೊಟ್ಟು ಊಟಕ್ಕೆ ಎದ್ದೆ. ಒಂದು ಗಂಟೆ ಹತ್ತು ನಿಮಿಷ. ಬಂದು ನೋಡಿದರೆ ಐಎಸ್ಒ ಫೈಲ್ (ಸಿಡಿಯ ಪ್ರತಿರೂಪ) ಸಿದ್ಧ. ಒಂದು ಇಡೀ ಆಪರೇಟಿಂಗ್ ಸಿಸ್ಟಂ, ಕರ್ನಲ್‌ನಿಂದ ಹಿಡಿದು ಕ್ಯಾಲ್ಕುಲೇಟರ್‌ವರೆಗೆ, ನನ್ನ ಮೇಜಿನ ಮೇಲೆ ತಯಾರಾದದ್ದು ನೋಡಿ ಮನೆಯವರನ್ನು ಕರೆದು ತೋರಿಸಿದೆ. "ಇದು ಹಳೇ ವಿಂಡೋಸ್ ತರಾನೇ ಇದೆಯಲ್ಲ," ಅಂದಳು. ಹೌದು, ಅದೇ ಅದರ ಸಾಧನೆ ಅಂತ ಒಪ್ಪಿಸುವಷ್ಟರಲ್ಲಿ ಎದ್ದು ಹೋಗಿದ್ದಳು.

ಮೇ 29, ಗುರುವಾರ

4 ಜಿಬಿಯ ಡಿಸ್ಕ್ ಇಮೇಜು, 1024 ಎಂಬಿ ರ‍್ಯಾಮ್ ಕೊಟ್ಟು ಇನ್‌ಸ್ಟಾಲ್ ಮಾಡಿದೆ. ನೀಲಿ ಪರದೆಯ ಸೆಟಪ್ಪು, ಎಕ್ಸ್‌ಪಿ ಹಾಕಿದವರ ಕೈಗೆ ತಾನೇ ಬರುತ್ತದೆ. ಫಾರ್ಮ್ಯಾಟು ಫ್ಯಾಟ್32. ಎಕ್ಸ್‌ಪಿಯ ಹಳೆ ಡಿಸ್ಕನ್ನೇ ಜೋಡಿಸಿ ಅದರಲ್ಲೇ ಡೇಟಾ ಓಡಿಸುವ ಯೋಚನೆ ಇತ್ತು. ಆದರೆ ಅದರ ಫಾರ್ಮ್ಯಾಟು ಎನ್‌ಟಿಎಫ್‌ಎಸ್, ರಿಯಾಕ್ಟ್‌ಓಎಸ್ ಅದನ್ನು ಓದುತ್ತದಷ್ಟೆ, ಬರೆಯುವುದಿಲ್ಲ. ಯೋಚನೆ ಬಿಟ್ಟೆ.

ಇವತ್ತು ಮಾಡಿದ ಒಂದೇ ಒಳ್ಳೆ ಕೆಲಸ: ಸೀರಿಯಲ್ ಪೋರ್ಟಿನ ಔಟ್‌ಪುಟ್ ಒಂದು ಫೈಲಿಗೆ ಹೋಗುವ ಹಾಗೆ ಕ್ಯೂಇಎಂಯುಗೆ ಹೇಳಿದ್ದು. ಡೀಬಗ್ ಬಿಲ್ಡು ಬೂಟಾಗುವಾಗ ತನ್ನ ಮನಸ್ಸಲ್ಲಿ ಇರುವುದನ್ನೆಲ್ಲ ಕಾಮ್1 ಅನ್ನುವ ಆ ಸೀರಿಯಲ್ ಪೋರ್ಟಿಗೆ ಒದರುತ್ತಿರುತ್ತದೆ. ಎರಡೇ ದಿನದಲ್ಲಿ ಇದು ಕೈ ಹಿಡಿಯಿತು.

ಮೇ 31, ಶನಿವಾರ: ಪೂರ್ತಿ ದಿನ ಹಾಳು

ಮಂಡಿಯ ಪ್ರೋಗ್ರಾಮಿನ ಫೋಲ್ಡರನ್ನು ಒಂದು ಐಎಸ್ಒ ಮಾಡಿ ಸಿಡಿ ಥರ ತೋರಿಸಿ ಒಳಗೆ ನಕಲಿಸಿದೆ. ಇಎಕ್ಸ್‌ಇ ಒತ್ತಿದೆ. ವಿಷುವಲ್ ಬೇಸಿಕ್ ಪ್ರೋಗ್ರಾಮು ಓಡಲು ಬೇಕಾದ ವಿಬಿ ರನ್‌ಟೈಮ್ ಇಲ್ಲ. ಅದನ್ನು ರಿಯಾಕ್ಟ್‌ಓಎಸ್‌ನ ಅಪ್ಲಿಕೇಶನ್ ಮ್ಯಾನೇಜರಿನಿಂದಲೇ ಹಾಕಿದೆ. ಮತ್ತೆ ಒತ್ತಿದೆ: ದೋಷ 339, ಎಂಎಸ್‌ಕಾಮ್‌ಸಿಟಿಎಲ್ ಓಸಿಎಕ್ಸ್ (ಪರದೆಯ ಪಟ್ಟಿ, ಟೂಲ್‌ಬಾರುಗಳ ತುಂಡು) ನೋಂದಣಿಯಾಗಿಲ್ಲ. ವಿಬಿ6 ಕಾಲದವರಿಗೆ ಇದು ಹಳೇ ನೆಂಟ. ಫೈಲ್ ತಂದು ರೆಗ್‌ಎಸ್‌ವಿಆರ್32ರಿಂದ ನೋಂದಾಯಿಸಿದೆ. ಈಗ ದೋಷ 429: ಡೇಟಾಬೇಸ್ ತೆರೆಯುವ ಆಬ್ಜೆಕ್ಟ್ ಸಿಗುತ್ತಿಲ್ಲ.

ಇಲ್ಲಿ ನನಗೆ ತಾಳ್ಮೆ ತಪ್ಪಿತು. ಒಂದೊಂದೇ ಹುಡುಕುತ್ತಾ ಕೂರುವುದು ಯಾಕೆ ಅಂತ ಎಕ್ಸ್‌ಪಿಯ ಸಿಸ್ಟಂ32 ಫೋಲ್ಡರಿನಿಂದ ಸಂಬಂಧ ಇರಬಹುದು ಅನ್ನಿಸಿದ ನಲವತ್ತು ಡಿಎಲ್‌ಎಲ್‌ಗಳನ್ನು (ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡಿನ ಫೈಲುಗಳು) ಎತ್ತಿ ರಿಯಾಕ್ಟ್‌ಓಎಸ್ ಮೇಲೆ ಸುರಿದೆ. ಅದರಲ್ಲಿ ಓಎಲ್‌ಇಆಟ್32 ಕೂಡ ಇತ್ತು. ಅದು ಸಿಸ್ಟಂನ ಬೆನ್ನುಮೂಳೆಗೇ ಸೇರಿದ್ದು. ರೀಬೂಟ್ ಮಾಡಿದೆ. ಡೆಸ್ಕ್‌ಟಾಪ್ ಬರಲೇ ಇಲ್ಲ. ಸೀರಿಯಲ್ ಫೈಲಿನ ಕೊನೆಯ ಸಾಲುಗಳು ನಾನು ಸುರಿದ ಡಿಎಲ್‌ಎಲ್‌ಗಳ ಹೆಸರಿಗೇ ಬಂದು ನಿಂತಿದ್ದವು.

ಇದು ತಾಂತ್ರಿಕವಾಗಿ ತಪ್ಪು, ಲೈಸೆನ್ಸಿನ ಲೆಕ್ಕದಲ್ಲೂ ತಪ್ಪು. ಎಕ್ಸ್‌ಪಿಯ ಸ್ವಂತ ಫೈಲುಗಳನ್ನು ಕಿತ್ತು ಇನ್ನೊಂದು ಸಿಸ್ಟಂಗೆ ಹಾಕಿದರೆ ನಾನು ಕಟ್ಟಿದ್ದು ಏನು? ಹಿಂದಿನ ಸ್ಥಿತಿಗೆ ಮರಳಲು ಸ್ನ್ಯಾಪ್‌ಶಾಟ್ ತೆಗೆದಿರಲಿಲ್ಲ. ಡಿಸ್ಕ್ ಇಮೇಜ್ ಅಳಿಸಿದೆ.

ಸಂಜೆ ಇದನ್ನೆಲ್ಲ ಒಬ್ಬ ಗೆಳೆಯನಿಗೆ ಹೇಳಿಕೊಂಡರೆ, ಸೋರಿಹೋದ ವಿಂಡೋಸ್ ಸೋರ್ಸ್ ಕೋಡ್ ಕಳಿಸಲಾ ಅಂದ. ಬೇಡಪ್ಪ ಅಂದೆ. ಅದನ್ನು ಒಮ್ಮೆ ಕಣ್ಣಲ್ಲಿ ನೋಡಿದವರು ರಿಯಾಕ್ಟ್‌ಓಎಸ್‌ಗೆ ಕೋಡ್ ಕೊಡುವ ಹಾಗಿಲ್ಲ. 2006ರ ಜನವರಿಯಲ್ಲಿ, ಕೆಲವು ಕೋಡು ವಿಂಡೋಸ್ ಬಿಚ್ಚಿ ನೋಡಿ ಬರೆದದ್ದು ಅನ್ನುವ ಆರೋಪ ಬಂದಾಗ, ಅವರು ಇಡೀ ಸೋರ್ಸನ್ನು ಮುಚ್ಚಿಟ್ಟುಕೊಂಡು ತಪಾಸಣೆಗೆ ಕೂತಿದ್ದರು. ಒಬ್ಬ ಬಿಚ್ಚಿ ನೋಡಿ ನಡವಳಿಕೆಯನ್ನು ಮಾತಲ್ಲಿ ಬರೆದಿಡಬೇಕು, ಕೋಡು ಬರೆಯುವವನು ಬೇರೆಯವನಾಗಿರಬೇಕು ಅನ್ನುವ ನಿಯಮ ಬಿಗಿಯಾದದ್ದು ಆವಾಗ. ನಾನು ಇವತ್ತು ಏನೂ ಕೊಡುಗೆ ಕೊಡುತ್ತಿಲ್ಲ, ಆದರೂ ಬಾಗಿಲು ತೆರೆದಿರಲಿ.

ಜೂನ್ 1, ಭಾನುವಾರ

ಮಂಡಿಯ ಕಪಾಟು ಹುಡುಕಿಸಿದೆ. ಲೆಕ್ಕ ಬರೆಯುವ ಅಕ್ಕ ಹಳೆ ಖಾತೆ ಪುಸ್ತಕದ ನಡುವಿನಿಂದ ಒಂದು ಸಿಡಿ ತೆಗೆದರು. ಮೇಲೆ ಸ್ಕೆಚ್ ಪೆನ್ನಿನಲ್ಲಿ "ಮಂಡಿ ಸೆಟಪ್". ಇಪ್ಪತ್ತು ವರ್ಷದ ಸಿಡಿ, ಹಿಂಬದಿಯಲ್ಲಿ ಬೂಷ್ಟು. ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ ಮೂರನೇ ಸಲಕ್ಕೆ ಓದಿಸಿದೆ. ಒಳಗೆ ಪ್ರೋಗ್ರಾಮಿನ ಜೊತೆ ಹಂಚಲೆಂದೇ ಮೈಕ್ರೋಸಾಫ್ಟ್ ಕೊಡುತ್ತಿದ್ದ ರನ್‌ಟೈಮು, ಡೇಟಾಬೇಸ್ ತುಂಡುಗಳು, ಓಸಿಎಕ್ಸ್ ಎಲ್ಲ ಕ್ಯಾಬ್ ಫೈಲಿನಲ್ಲಿ ಇದ್ದವು. ಇದನ್ನು ಮೊದಲ ದಿನವೇ ಕೇಳಬೇಕಿತ್ತು.

ಸೆಟಪ್ಪಿನ ಪಕ್ಕದಲ್ಲಿ ಸೆಟಪ್ ಎಲ್‌ಎಸ್‌ಟಿ ಅಂತ ಒಂದು ಟೆಕ್ಸ್ಟ್ ಫೈಲ್ ಇರುತ್ತದೆ. ಯಾವ್ಯಾವ ಫೈಲ್ ಎಲ್ಲೆಲ್ಲಿಗೆ ಅನ್ನುವ ಪಟ್ಟಿ ಅದು. ಅದರಲ್ಲೂ ಓಎಲ್‌ಇಆಟ್32 ಇತ್ತು! ಎಕ್ಸ್‌ಪಿಯಲ್ಲಾದರೆ ಸಿಸ್ಟಂ ಫೈಲಿಗೆ ಕಾವಲಿದೆ, ಹಳೆಯದನ್ನು ಮೇಲೆ ಬರೆಯಲು ಬಿಡುವುದಿಲ್ಲ. ಇಲ್ಲಿ ಆ ನೆಚ್ಚಿಕೆ ಬೇಡ ಅಂತ ಆ ಥರದ ಐದು ಸಾಲುಗಳನ್ನು ಪಟ್ಟಿಯಿಂದ ತೆಗೆದೆ. ರಿಯಾಕ್ಟ್‌ಓಎಸ್‌ನದ್ದೇ ಓಎಲ್‌ಇಆಟ್32 ಉಳಿಯಿತು. ಅದು ವೈನ್ ಯೋಜನೆಯಿಂದ ಬಂದದ್ದು, ಇವರು ಬಳಕೆದಾರ ಮಟ್ಟದ ಎಷ್ಟೋ ಡಿಎಲ್‌ಎಲ್‌ಗಳನ್ನು ಅಲ್ಲಿಂದಲೇ ತರುತ್ತಾರೆ.

ಪ್ರೋಗ್ರಾಮ್ ತೆರೆಯಿತು. ಲಾಗಿನ್ ಆಯಿತು. ಖಾತೆ ಒತ್ತಿದರೆ ದೋಷ 3343: ಡೇಟಾಬೇಸ್ ರೂಪ ಗುರುತಿಗೆ ಸಿಗುತ್ತಿಲ್ಲ. ಸಿಡಿಯಲ್ಲಿ ಎರಡು ತಲೆಮಾರಿನ ಡಿಎಒ (ಡೇಟಾಬೇಸ್ ತೆರೆಯುವ ತುಂಡು) ಇದ್ದವು, 3.51 ಮತ್ತು 3.6. ಎಂಡಿಬಿ ಆಕ್ಸೆಸ್ 2000ರ ರೂಪದ್ದು, ಅಂದರೆ ಆಕ್ಸೆಸ್‌ನ ಜೆಟ್ 4 ಎಂಜಿನ್ನಿನದ್ದು, ಅದಕ್ಕೆ 3.6 ಬೇಕು. ನಾನು ನೋಂದಾಯಿಸಿದ್ದು 3.51. ಸರಿಪಡಿಸಿದೆ. ಬೆಳೆಗಾರರ ಪಟ್ಟಿ ಅಕಾರಾದಿಯಾಗಿ ಕೆಳಗಿಳಿಯಿತು. ರಾತ್ರಿ 11:40. ಈ ಸಲ ಮರೆಯದೆ ಸ್ನ್ಯಾಪ್‌ಶಾಟ್.

ಜೂನ್ 3, ಮಂಗಳವಾರ

ಪಟ್ಟಿ ಬಂತು ಅಂದೆ, ಆದರೆ ಓದಲು ಬರುತ್ತಿರಲಿಲ್ಲ. ಪರದೆಯ ಮೇಲಿನ ಕನ್ನಡವೆಲ್ಲ ತಲೆ ಮೇಲೆ ಗೀಟು ಎಳೆದ ಇಂಗ್ಲಿಷ್ ಅಕ್ಷರಗಳ ಸಂತೆ. ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿದ, ಯುನಿಕೋಡ್‌ಗೆ ಮುಂಚಿನ ಆಸ್ಕಿ ಫಾಂಟು, ಡಿಟಿಪಿಯವರಿಗೆ ಗೊತ್ತಿರುವ ರೋಗ. ಇದರಲ್ಲಿ ಒಂದು ಅನುಕೂಲವೂ ಇದೆ: ಒತ್ತು, ದೀರ್ಘ, ಅರ್ಕಾವತ್ತು ಜೋಡಿಸುವ ಕೆಲಸ ಆಪರೇಟಿಂಗ್ ಸಿಸ್ಟಂನದ್ದಲ್ಲ. ಫಾಂಟ್ ಫೈಲ್ ಇದ್ದರೆ ಮುಗಿಯಿತು.

ಪ್ರತಿ ಸಲ ಕೈಯಲ್ಲಿ ಹಾಕುವ ಬದಲು ಫಾಂಟನ್ನು ಐಎಸ್ಒ ಒಳಗೇ ಸೇರಿಸಿದೆ. ಸೋರ್ಸ್‌ನಲ್ಲಿ ಮೀಡಿಯಾ ಫೋಲ್ಡರಿನ ಒಳಗೆ ಫಾಂಟ್ಸ್ ಅಂತ ಇದೆ. ಅಲ್ಲಿ ಟಿಟಿಎಫ್ ಇಟ್ಟು, ಸಿಮೇಕ್ ಪಟ್ಟಿಯಲ್ಲಿ ಅದರ ಹೆಸರು ಬರೆದು, ಮತ್ತೆ ನಿಂಜಾ. ಬದಲಾದಷ್ಟನ್ನೇ ಕಟ್ಟುವುದರಿಂದ ಈ ಸಲ ಐಎಸ್ಒ ನಾಲ್ಕು ನಿಮಿಷಕ್ಕೆ ಬಂತು. ಸ್ವಂತ ಆಪರೇಟಿಂಗ್ ಸಿಸ್ಟಂಗೆ ನಾನು ಮಾಡಿದ ಮೊದಲ ಬದಲಾವಣೆ: ಒಂದೇ ಒಂದು ಸಾಲು.

ಅದೇ ಉಮೇದಿನಲ್ಲಿ ಇನ್‌ಸ್ಟಾಲ್ ಕೂಡ ತಾನೇ ಆಗಲಿ ಅಂತ ಅನ್‌ಅಟೆಂಡ್ ಐಎನ್‌ಎಫ್ ಫೈಲ್ ತೆರೆದೆ. ಸೆಟಪ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವ ಫೈಲು. ಇಲ್ಲ ಅಂತ ಇದ್ದದ್ದನ್ನು ಹೌದು ಮಾಡಿದೆ, ಡಿಸ್ಕ್ ಸಂಖ್ಯೆ ನೋಡಿದೆ, ಹೆಸರು ಬದಲಿಸಿದೆ. ಲೊಕೇಲ್ ಐಡಿ (ಭಾಷೆ, ದೇಶದ ಗುರುತು) ಅಂತ ಒಂದು ಸಾಲಿನಲ್ಲಿ 409 ಅಂತ ಇತ್ತು. ಇಂಗ್ಲಿಷ್ ತಾನೇ, ಇರಲಿ ಅಂತ ಬಿಟ್ಟೆ.

ಜೂನ್ 5, ಗುರುವಾರ

ಡಬ್ಬಿ ಮಂಡಿಗೆ ಹೋಯಿತು. ಹಳೆಯದೂ ಪಕ್ಕದಲ್ಲೇ. ಒಂದು ವಾರ ಎರಡರಲ್ಲೂ ಅದೇ ಚೀಟಿ ಹೊಡೆಯುವುದು ಅಂತ ಒಪ್ಪಂದ. ಅಕ್ಕನಿಗೆ ಇದು ದುಪ್ಪಟ್ಟು ಕೆಲಸ, ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಪ್ರಿಂಟರು ಡಾಟ್ ಮ್ಯಾಟ್ರಿಕ್ಸ್, ಪ್ಯಾರಲಲ್ ಕೇಬಲಿನದ್ದು. ಮಿನಿ ಪಿಸಿಯಲ್ಲಿ ಆ ಪೋರ್ಟು ಇಲ್ಲ, ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ತಂದೆ (₹480). ಪ್ರೋಗ್ರಾಮು ವಿಂಡೋಸ್‌ನ ಪ್ರಿಂಟಿಂಗ್ ವ್ಯವಸ್ಥೆಯನ್ನು ಮುಟ್ಟುವುದೇ ಇಲ್ಲ. ಎಲ್‌ಪಿಟಿ1 (ಪ್ಯಾರಲಲ್ ಪೋರ್ಟು) ಅನ್ನು ಫೈಲಿನ ಹಾಗೆ ತೆರೆದು ಅಕ್ಷರ ಸುರಿಯುತ್ತದೆ, ಸಣ್ಣ ಅಕ್ಷರಕ್ಕೆ 15 ಅನ್ನುವ ಕೋಡು, ವಾಪಸ್ ದೊಡ್ಡದಕ್ಕೆ 18. ಹುಡುಗ ಸೋಮಾರಿತನಕ್ಕೆ ಹಾಗೆ ಮಾಡಿದನೋ ಏನೋ, ನನಗೆ ವರವಾಯಿತು. ಕ್ಯೂಇಎಂಯುಗೆ ಪ್ಯಾರಲಲ್ ಪೋರ್ಟಿಗೆ ಬಂದದ್ದನ್ನು ಫೈಲಿಗೆ ಬರೆ ಅಂತ ಹೇಳಿ, ಫೈಲಿನ ಜಾಗದಲ್ಲಿ ಪ್ರಿಂಟರಿನ ಡಿವೈಸ್ ಹೆಸರು ಕೊಟ್ಟೆ. ಏನೂ ಬರಲಿಲ್ಲ. ಒಂದು ಗಂಟೆ ರಿಯಾಕ್ಟ್‌ಓಎಸ್‌ನ ಪ್ಯಾರಲಲ್ ಡ್ರೈವರನ್ನು ಬೈದೆ. ನೋಡಿದರೆ ಡೆಬಿಯನ್‌ನಲ್ಲಿ ನನ್ನ ಬಳಕೆದಾರನನ್ನು ಎಲ್‌ಪಿ ಗುಂಪಿಗೆ ಸೇರಿಸಿರಲಿಲ್ಲ, ಅನುಮತಿಯೇ ಇರಲಿಲ್ಲ. ಸೇರಿಸಿ ಮತ್ತೆ ಲಾಗಿನ್ ಆದ ಮೇಲೆ ಗರಗರ ಅಂತ ಮೊದಲ ಚೀಟಿ ಬಂತು. ಯಜಮಾನರು ಕನ್ನಡಕ ಏರಿಸಿ ಹಳೆಯ ಚೀಟಿಯ ಮೇಲೆ ಹೊಸದನ್ನಿಟ್ಟು ಬೆಳಕಿಗೆ ಹಿಡಿದು ನೋಡಿದರು. ಗೆರೆಗೆ ಗೆರೆ ಕೂತಿತ್ತು.

ಜೂನ್ 6, ಶುಕ್ರವಾರ

ಇವತ್ತಿನ ಎಂಟು ಚೀಟಿ, ಎರಡೂ ಯಂತ್ರದ್ದು ತಾಳೆ ಹಾಕಿದೆ. ತೂಕ, ದರ, ದಿನಾಂಕ, ಒಟ್ಟು, ಎಲ್ಲ ಸರಿ. "ಆಯ್ತು, ಪಾಸು" ಅಂತ ಹೇಳಿ ಬಂದೆ. ಈ ಸಾಲನ್ನು ಹಾಗೇ ಬಿಟ್ಟಿದ್ದೇನೆ.

ಜೂನ್ 9, ಸೋಮವಾರ

ಅಕ್ಕನ ಫೋನು. "ಒಂದು ಖಾತೇಲಿ ₹493 ಹೆಚ್ಚು ಕಮ್ಮಿ ಬರ್ತಾ ಉಂಟು. ನಾನು ಎರಡು ಸಲ ಕೂಡಿದೆ."

₹50,000 ಮುಂಗಡ, ವರ್ಷಕ್ಕೆ ನೂರಕ್ಕೆ 12 ಬಡ್ಡಿ. 493 ಅಂದರೆ ಸರಿಯಾಗಿ 30 ದಿನದ ಬಡ್ಡಿ. ಹೋಗಿ ನೋಡಿದರೆ ಜೂನ್ 5ರಂದು ಹೊಡೆದ ಚೀಟಿ ಹೊಸ ಯಂತ್ರದಲ್ಲಿ ಮೇ 6ರದ್ದಾಗಿ ಕೂತಿದೆ. 7ನೇ ತಾರೀಕಿನದ್ದು ಜುಲೈ 6ಕ್ಕೆ ಹೋಗಿದೆ, ಇನ್ನೂ ಬಾರದ ದಿನಕ್ಕೆ. 6ನೇ ತಾರೀಕಿನದ್ದು ಮಾತ್ರ ಸರಿಯಾಗಿದೆ, ಯಾಕೆಂದರೆ 06/06 ಅನ್ನು ಯಾವ ಕಡೆಯಿಂದ ಓದಿದರೂ ಜೂನ್ 6. ನಾನು ಪಾಸು ಮಾಡಿದ್ದು ತಿಂಗಳ ಮೊದಲ ಹನ್ನೆರಡು ದಿನದಲ್ಲಿ ತಪ್ಪು ಕಾಣದ ಒಂದೇ ದಿನ!

ಮೊದಲು ಬೈದದ್ದು ರಿಯಾಕ್ಟ್‌ಓಎಸ್ ಅನ್ನೇ. ಆದರೆ ಬಗ್ ವರದಿ ಬರೆಯುವ ಮುಂಚೆ ಅವರೇ ಹೇಳುವ ಕ್ರಮ ಪಾಲಿಸೋಣ ಅಂತ, ಒಂದು ಸಣ್ಣ ಪರೀಕ್ಷೆ ಪ್ರೋಗ್ರಾಮ್ ಬರೆದೆ. ನಿಜವಾದ ವಿಂಡೋಸ್ ಏನು ಉತ್ತರ ಕೊಡುತ್ತದೆ ಅಂತ ಮೊದಲು ಬರೆದಿಟ್ಟುಕೊಂಡು, ಅದೇ ಪ್ರಶ್ನೆ ಇಲ್ಲಿ ಕೇಳುವುದು. ಜೂನ್ 1ರಿಂದ 30ರವರೆಗೆ ಪ್ರತಿ ದಿನವನ್ನೂ ದಿನ, ತಿಂಗಳು, ವರ್ಷದ ಕ್ರಮದಲ್ಲಿ ಅಕ್ಷರವಾಗಿ ಕೊಟ್ಟು ವಿಬಿಯ ಸಿಡೇಟ್‌ನಿಂದ ದಿನಾಂಕ ಮಾಡಿಸಿದೆ.

ರಿಯಾಕ್ಟ್‌ಓಎಸ್: 11 ತಪ್ಪು, 19 ಸರಿ. 13ರಿಂದ ಮುಂದೆಲ್ಲ ಸರಿ, ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ಅದು ತಾನೇ ತಿರುಗಿಸಿ ಓದಿಕೊಳ್ಳುತ್ತದೆ.

ಹಳೆಯ ಎಕ್ಸ್‌ಪಿ: 30ಕ್ಕೆ 30 ಸರಿ.

ಹಳೆಯ ಎಕ್ಸ್‌ಪಿ, ಕಂಟ್ರೋಲ್ ಪ್ಯಾನೆಲಿನಲ್ಲಿ ಭಾಷೆ ಅಮೆರಿಕದ ಇಂಗ್ಲಿಷ್ ಮಾಡಿ: 11 ತಪ್ಪು, 19 ಸರಿ. ಅದೇ ಹನ್ನೊಂದು ದಿನ.

ಹೊಂದಾಣಿಕೆಯಲ್ಲಿ ಏನೂ ಕೊರತೆ ಇರಲಿಲ್ಲ. ವಿಂಡೋಸ್ ಎಲ್ಲಿ ಎಡವುತ್ತದೋ ಅಲ್ಲೇ, ಅಷ್ಟೇ ನಿಷ್ಠೆಯಿಂದ ಎಡವಿದೆ. ತಪ್ಪಿದ್ದದ್ದು ನಾನು ಇರಲಿ ಅಂತ ಬಿಟ್ಟ 409ರಲ್ಲಿ. ಅದು ಅಮೆರಿಕದ ಇಂಗ್ಲಿಷ್, ಅವರಿಗೆ ತಿಂಗಳು ಮೊದಲು. ಅರ್ಧ ಬರೆದಿದ್ದ ಬಗ್ ವರದಿ ಅಳಿಸಿದೆ.

ಜೂನ್ 10, ಮಂಗಳವಾರ

409ರ ಜಾಗಕ್ಕೆ ಕನ್ನಡದ್ದೇ 44ಬಿ ಹಾಕುವ ಆಸೆಯಾಯಿತು. ಆದರೆ ಕನ್ನಡಕ್ಕೆ ವಿಂಡೋಸ್‌ನಲ್ಲಿ ಹಳೆ ಮಾದರಿಯ ಕೋಡ್‌ಪೇಜ್ (ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನುವ ಪಟ್ಟಿ) ಇಲ್ಲ, ಯುನಿಕೋಡ್ ಮಾತ್ರ. ಆಸ್ಕಿ ಫಾಂಟಿನ ಪ್ರೋಗ್ರಾಮಿಗೆ ಇಂಗ್ಲಿಷಿಗೆ ಬಳಸುವ 1252 ಕೋಡ್‌ಪೇಜು ಬೇಕೇ ಬೇಕು. ಕನ್ನಡ ಪ್ರೋಗ್ರಾಮು ಓಡಬೇಕಾದರೆ ಯಂತ್ರಕ್ಕೆ ಕನ್ನಡ ಬರುತ್ತದೆ ಅಂತ ಹೇಳಬಾರದು! ಬ್ರಿಟನ್ನಿನ ಇಂಗ್ಲಿಷ್ 809 ಹಾಕಿದೆ. ದಿನ ಮೊದಲು, ಕೋಡ್‌ಪೇಜು ಅದೇ. ಐಎಸ್ಒ ಮತ್ತೆ ಕಟ್ಟಿ, ಹೊಸ ಇಮೇಜಿಗೆ ಹಾಕಿ, ಪರೀಕ್ಷೆ ಓಡಿಸಿದೆ: 30ಕ್ಕೆ 30. ಆಮೇಲೆ 12 ತಿಂಗಳಿಗೂ ಓಡಿಸಿದೆ. ಹೊಸ ಯಂತ್ರದ ಡೇಟಾ ಬಿಸಾಕಿ ಹಳೆಯದರಿಂದ ಎಂಡಿಬಿ ಮತ್ತೆ ನಕಲಿಸಿದೆ. ಎರಡೂ ಕಡೆ ಹೊಡೆಯುತ್ತಿದ್ದರಿಂದ ಒಂದು ಚೀಟಿಯೂ ಹೋಗಲಿಲ್ಲ. ಅಕ್ಕನ ದುಪ್ಪಟ್ಟು ಕೆಲಸ ಕಾಪಾಡಿತು.

ಜೂನ್ 12, ಗುರುವಾರ

ಮಳೆ, ಗಾಳಿ, ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತದ್ದು ಆಗಲೇ ಗೊತ್ತಾಗಿದ್ದು. ರಿಯಾಕ್ಟ್‌ಓಎಸ್ ಮತ್ತೆ ಎದ್ದಿತು, ಆದರೆ ಎಂಡಿಬಿ ಕೆಟ್ಟು ಆಕ್ಸೆಸ್‌ನ ದುರಸ್ತಿ ಮಾಡಿಸಬೇಕಾಯಿತು. ಜೂನ್ 12, ಅಂದರೆ 12/06: ದಿನಾಂಕ ಸರಿಯಾಗಿತ್ತು, ಅಷ್ಟು ಸಮಾಧಾನ.

ಈಗ ಸಂಜೆ ಮಂಡಿ ಮುಚ್ಚುವಾಗ ರಿಯಾಕ್ಟ್‌ಓಎಸ್ ಶಟ್‌ಡೌನ್ ಆದ ಕೂಡಲೇ ಇಡೀ ಡಿಸ್ಕ್ ಇಮೇಜು ಪೆನ್‌ಡ್ರೈವಿಗೆ (₹350) ನಕಲಾಗುವ ಹಾಗೆ ಡೆಬಿಯನ್‌ನಲ್ಲಿ ಸ್ಕ್ರಿಪ್ಟ್ ಹಾಕಿದ್ದೇನೆ. ಏಳು ದಿನದ ಏಳು ನಕಲು, ಎಂಟನೆಯದು ಮೊದಲನೆಯದನ್ನು ಅಳಿಸುತ್ತದೆ.

ಜೂನ್ 14, ಶನಿವಾರ

ಖರ್ಚು: ಕೆಪಾಸಿಟರ್ 60, ಎಸ್‌ಎಂಪಿಎಸ್ 650, ಮಿನಿ ಪಿಸಿ 7,500, ಕೇಬಲ್ 480, ಪೆನ್‌ಡ್ರೈವ್ 350. ಒಟ್ಟು ₹9,040. ಯುಪಿಎಸ್ ಬ್ಯಾಟರಿ ಇನ್ನೂ ತರಬೇಕು. ನನ್ನ ಮಜೂರಿ ಮಾತಾಡಿಲ್ಲ, ಮೂರು ವಾರದಲ್ಲಿ ಅರ್ಧ ನನ್ನ ಚಪಲಕ್ಕೆ ಹೋದದ್ದು, ಕೇಳಲು ಬಾಯಿ ಬರುತ್ತಿಲ್ಲ.

ಹಳೆ ಡಬ್ಬಿ ಇನ್ನೂ ಪಕ್ಕದಲ್ಲೇ ಇದೆ. ತೆಗೆಯಲಾ ಅಂದದ್ದಕ್ಕೆ ಅಕ್ಕ, "ಜುಲೈ ಹನ್ನೆರಡರವರೆಗೆ ಇರಲಿ," ಅಂದರು.